ಸೂರ್ಯನವರೆಗೆ ಟೇಪು ಹಿಡಿದವರು

(ಪ್ರೌಢಶಾಲೆಯೊಂದರ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಇವತ್ತು ಒಂದು ಹಳೆಯ ಸಾಲ ತೀರಿಸಲು ಬಂದಿದ್ದೇನೆ. ಸಾಲ ಕೊಟ್ಟವಳು ಈ ಶಾಲೆಯವಳಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಶಾಲೆಯಲ್ಲಿ ಸೌರವ್ಯೂಹದ ಬಗ್ಗೆ ಮಾತಾಡಿ, ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್ ಎಂದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ಅಲ್ಲೀತನಕ ಟೇಪು ಹಿಡಿದೋರು ಯಾರು?’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ‘ವಿಜ್ಞಾನಿಗಳು ಅಳೆದಿದ್ದಾರಮ್ಮ, ಕೂತ್ಕೋ’ ಎಂದೆ.

ಬಸ್ಸಿನಲ್ಲಿ ಊರಿಗೆ ಮರಳುವಾಗ ಮನಸ್ಸು ಚುಚ್ಚತೊಡಗಿತು. ಆ ದಿನ ಆ ಕೊಠಡಿಯಲ್ಲಿ ಕೇಳಿಬಂದ ಒಂದೇ ಒಂದು ಒಳ್ಳೆಯ ಪ್ರಶ್ನೆ ಅದು. ‘ದೊಡ್ಡವರು ಹೇಳಿದ್ದಾರೆ, ನಂಬು’ ಎನ್ನುವುದಕ್ಕೂ ನನ್ನ ಉತ್ತರಕ್ಕೂ ಏನು ವ್ಯತ್ಯಾಸ? ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಾರದು ಎನ್ನುವವರೂ ಅದನ್ನೇ ಅಲ್ಲವೇ ಹೇಳುವುದು? ಹೇಗೆ ತಿಳಿಯಿತು ಎಂಬುದನ್ನು ಬಿಟ್ಟು ಬರೀ 15 ಕೋಟಿಯನ್ನು ಬಾಯಿಪಾಠ ಮಾಡಿಸಿದರೆ ಅದೂ ಒಂದು ಮಂತ್ರವಾಗುತ್ತದೆ, ಪರೀಕ್ಷೆಯಲ್ಲಿ ಒಂದು ಅಂಕ ತರುವ ಮಂತ್ರ. ಅದಕ್ಕೇ ಇವತ್ತು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮಗೆ ಕೊಡುತ್ತೇನೆ. ಸ್ವಲ್ಪ ಲೆಕ್ಕ ಬರುತ್ತದೆ. ಹೆದರಬೇಡಿ, ನಿಮ್ಮ ಕಂಪಾಸ್ ಪೆಟ್ಟಿಗೆ ಸಾಕು.

ಮೊದಲು ಒಂದು ಗೊಂದಲ. ದೇವಸ್ಥಾನದಲ್ಲಿ ನವಗ್ರಹ, ಪುಸ್ತಕದಲ್ಲಿ ಎಂಟೇ ಗ್ರಹ ಏಕೆ ಎಂದು ಮಕ್ಕಳು ಕೇಳುತ್ತಾರೆ. ಇವೆರಡೂ ಬೇರೆ ಬೇರೆ ಪಟ್ಟಿಗಳು. ನವಗ್ರಹಗಳಲ್ಲಿ ರವಿ ನಕ್ಷತ್ರ, ಚಂದ್ರ ಉಪಗ್ರಹ. ರಾಹು ಕೇತುಗಳು ಕಾಯಗಳೇ ಅಲ್ಲ, ಆಕಾಶದಲ್ಲಿ ಚಂದ್ರನ ದಾರಿಯೂ ಸೂರ್ಯನ ದಾರಿಯೂ ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳು. ಉಳಿದ ಐದು, ಅಂದರೆ ಬುಧ, ಶುಕ್ರ, ಮಂಗಳ, ಗುರು, ಶನಿ, ನಿಜವಾದ ಗ್ರಹಗಳು ಮತ್ತು ಬರಿಗಣ್ಣಿಗೆ ಕಾಣುವಂಥವು. ಭೂಮಿ ಆ ಪಟ್ಟಿಯಲ್ಲಿಲ್ಲ, ಪಟ್ಟಿ ಮಾಡಿದವರು ಅದರ ಮೇಲೆಯೇ ನಿಂತಿದ್ದರು. ಮುಂದೆ ದೂರದರ್ಶಕದ ಕಾಲದಲ್ಲಿ 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್ ಸೇರಿದವು. 1930ರಲ್ಲಿ ಸಿಕ್ಕ ಪ್ಲೂಟೊವನ್ನು 2006ರಲ್ಲಿ ಕುಬ್ಜಗ್ರಹಗಳ ಸಾಲಿಗೆ ಕಳಿಸಿದರು. ನನ್ನ ವಯಸ್ಸಿನವರ ಬಾಯಲ್ಲಿ ಇನ್ನೂ ಒಂಬತ್ತೇ ಬರುತ್ತದೆ, ಕ್ಷಮಿಸಿಬಿಡಿ.

ಈಗ ಅಳತೆಗೆ ಬರೋಣ. ಗಡಿಯಾರ ಅಪರೂಪವಾಗಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ‘ಬೆಳ್ಳಿ ಮೂಡಿತು, ಏಳ್ರೋ’ ಎಂದು ಎಬ್ಬಿಸುತ್ತಿದ್ದರು. ಬೆಳ್ಳಿ ಎಂದರೆ ಶುಕ್ರ. ಅದು ಕೆಲವು ತಿಂಗಳು ಬೆಳಗಿನ ಜಾವ ಮೂಡಣದಲ್ಲಿ ಕಾಣುತ್ತದೆ, ಕೆಲವು ತಿಂಗಳು ಸಂಜೆ ಪಡುವಣದಲ್ಲಿ. ಆದರೆ ನಡುರಾತ್ರಿ ನೆತ್ತಿಯ ಮೇಲೆ ಬೆಳ್ಳಿಯನ್ನು ಕಂಡವರಿಲ್ಲ. ಏಕೆ? ಗಾಣದ ಎತ್ತನ್ನು ನೆನೆಸಿಕೊಳ್ಳಿ. ನೀವು ಅದು ಸುತ್ತುವ ದಾರಿಯ ಹೊರಗೆ ನಿಂತು ಗಾಣದ ಕಡೆ ನೋಡುತ್ತಿದ್ದರೆ ಎತ್ತು ಒಮ್ಮೆ ಗಾಣದ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುತ್ತದೆ. ನಿಮ್ಮ ಬೆನ್ನ ಹಿಂದಕ್ಕೆ ಮಾತ್ರ ಎಂದೂ ಬಾರದು. ಶುಕ್ರನೂ ಹಾಗೆ. ಅದು ನಮಗಿಂತ ಸೂರ್ಯನಿಗೆ ಹತ್ತಿರದ ದಾರಿಯಲ್ಲಿ ಸುತ್ತುತ್ತದೆ. ಆದ್ದರಿಂದ ಸೂರ್ಯನಿಂದ ಎಡಕ್ಕಾಗಲಿ ಬಲಕ್ಕಾಗಲಿ ಸುಮಾರು 46 ಡಿಗ್ರಿಗಿಂತ ಹೆಚ್ಚು ದೂರ ಸರಿಯಲಾರದು.

ಈ 46 ಡಿಗ್ರಿಯಲ್ಲಿ ಒಂದು ಗುಟ್ಟಿದೆ. ಹಾಳೆಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಒಂದು ತುದಿ ಸೂರ್ಯ, ಇನ್ನೊಂದು ತುದಿ ಭೂಮಿ. ಭೂಮಿಯ ತುದಿಯಲ್ಲಿ ಕೋನಮಾಪಕವಿಟ್ಟು 46 ಡಿಗ್ರಿಗೆ ಮತ್ತೊಂದು ಗೆರೆ ಎಳೆಯಿರಿ. ಶುಕ್ರ ಅತಿ ಹೆಚ್ಚು ದೂರ ಸರಿದ ದಿನ ನಮ್ಮ ದೃಷ್ಟಿ ಹೋಗುವ ದಾರಿ ಇದು. ಅದು ಶುಕ್ರನ ವೃತ್ತವನ್ನು ಮುಟ್ಟಿಕೊಂಡು ಹೋಗುವ ಸ್ಪರ್ಶಕ. ಸ್ಪರ್ಶಕಕ್ಕೂ ತ್ರಿಜ್ಯಕ್ಕೂ ಏನು ಸಂಬಂಧವೆಂದು ಹತ್ತನೆಯ ತರಗತಿಯವರಿಗೆ ಗೊತ್ತು. ಸೂರ್ಯನಿಂದ ಆ ಗೆರೆಗೆ ಲಂಬ ಇಳಿಸಿ ಅಳೆಯಿರಿ. 7.2 ಸೆಂಟಿಮೀಟರ್ ಬರುತ್ತದೆ. ಅಂದರೆ ಭೂಮಿ ಸೂರ್ಯನಿಂದ 10 ಪಾಲು ದೂರದಲ್ಲಿದ್ದರೆ ಶುಕ್ರ 7.2 ಪಾಲು ದೂರದಲ್ಲಿದೆ. ಮನೆಯ ಅಂಗಳದಿಂದ ಕದಲದೆ ನೀವು ಶುಕ್ರನ ಕಕ್ಷೆಯನ್ನು ಅಳೆದಿರಿ. ಹೊರಗಿನ ಗ್ರಹಗಳಿಗೆ ಕೆಪ್ಲರ್ 1619ರಲ್ಲಿ ಇನ್ನೊಂದು ದಾರಿ ತೋರಿಸಿದ. ಗ್ರಹವೊಂದು ಸೂರ್ಯನನ್ನು ಸುತ್ತಲು ಹಿಡಿಯುವ ವರ್ಷಗಳ ವರ್ಗವೂ ಅದರ ದೂರದ ಘನವೂ ಸಮ. ಗುರುವಿಗೆ ಹತ್ತಿರ ಹತ್ತಿರ 12 ವರ್ಷ, ಅದರ ದೂರ ನಮ್ಮ ದೂರದ 5.2 ಪಟ್ಟು. ಗುಣಿಸಿ ನೋಡಿ, ತಾಳೆಯಾಗುತ್ತದೆ.

ಆದರೆ ಒಂದು ಕೊರತೆ ಉಳಿಯಿತು. ಪಾಲುಗಳೇನೋ ಸಿಕ್ಕವು, ಒಂದು ಪಾಲು ಎಂದರೆ ಎಷ್ಟು ಕಿಲೋಮೀಟರ್? ಕೆಪ್ಲರನ ಕೈಯಲ್ಲಿದ್ದ ಸೌರವ್ಯೂಹ ಅಳತೆಯ ಪಟ್ಟಿ ಬರೆಯದ ನಕ್ಷೆಯಂತಿತ್ತು. ಊರುಗಳೆಲ್ಲ ಸರಿಯಾದ ಜಾಗದಲ್ಲಿವೆ, ಆದರೆ ಒಂದು ಅಂಗುಲಕ್ಕೆ ಎಷ್ಟು ಮೈಲಿ ಎಂದು ಮೂಲೆಯಲ್ಲಿ ಬರೆದಿಲ್ಲ. ಯಾವುದಾದರೂ ಒಂದೇ ಒಂದು ದೂರ ಕಿಲೋಮೀಟರಿನಲ್ಲಿ ಸಿಕ್ಕರೆ ಉಳಿದೆಲ್ಲವೂ ಒಟ್ಟಿಗೇ ಸಿಕ್ಕಂತೆ.

ಕಾಲಿಡಲಾಗದ ಕಡೆ ದೂರ ಅಳೆಯುವುದು ಹೇಗೆ ಎಂಬುದಕ್ಕೆ ನಮ್ಮ ನೆಲದಲ್ಲೇ ಒಳ್ಳೆಯ ಉದಾಹರಣೆಯಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಆಧಾರರೇಖೆಯನ್ನು ಅಳೆದ. ಮುಂದಿನ ಕೆಲವು ವರ್ಷಗಳಲ್ಲಿ ಇಂಥ ಆಧಾರರೇಖೆಗಳನ್ನು ನೆಚ್ಚಿಕೊಂಡು ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನಗಳನ್ನಷ್ಟೇ ಅಳೆಯುತ್ತಾ ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳ ಸರಮಾಲೆ ಹೆಣೆದ. ಘಟ್ಟದ ಕಾಡಿನಲ್ಲಿ ಸರಪಳಿ ಎಳೆಯುವ ಪ್ರಮೇಯವೇ ಬರಲಿಲ್ಲ. ಅಲ್ಲಿಯವರೆಗೆ ಭೂಪಟಗಳಲ್ಲಿ 400 ಮೈಲಿ ಎಂದಿದ್ದ ಅಗಲ ಸುಮಾರು 360 ಮೈಲಿಗೆ ಇಳಿಯಿತು. ತ್ರಿಕೋನದ ಒಂದು ಬಾಹು ಮತ್ತು ಎರಡು ಕೋನ ಗೊತ್ತಿದ್ದರೆ ಮೂರನೆಯ ಮೂಲೆಗೆ ಹೋಗಬೇಕಾಗಿಲ್ಲ, ಅಷ್ಟೇ ವಿಷಯ.

ಆಕಾಶಕ್ಕೂ ಇದೇ ಉಪಾಯ. ಕೈ ಚಾಚಿ ಹೆಬ್ಬೆರಳು ನಿಲ್ಲಿಸಿ. ಎಡಗಣ್ಣು ಮುಚ್ಚಿ ನೋಡಿ, ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ನಮ್ಮ ಹಳೆಯ ಜ್ಯೋತಿಷ ಸಿದ್ಧಾಂತ ಗ್ರಂಥಗಳಲ್ಲಿ ಈ ಪಲ್ಲಟಕ್ಕೆ ಲಂಬನ ಎಂಬ ಹೆಸರಿದೆ. ಇಲ್ಲಿ ಆಧಾರರೇಖೆ ಎಂದರೆ ಎರಡು ಕಣ್ಣುಗಳ ನಡುವಿನ ಅಂತರ. ಗ್ರಹಗಳಿಗಾದರೆ ಭೂಮಿಯ ಎರಡು ದೂರದ ಊರುಗಳು ನಮ್ಮ ಎರಡು ಕಣ್ಣು. 1672ರಲ್ಲಿ ಪ್ಯಾರಿಸ್ಸಿನಿಂದ ಕಸೀನಿ, ದಕ್ಷಿಣ ಅಮೆರಿಕದ ಕೇಯೆನ್‌ನಿಂದ ರಿಶೆ, ಇಬ್ಬರೂ ಮಂಗಳನನ್ನು ನೋಡಿ ಲೆಕ್ಕ ಹಾಕಿದರು. ಸೂರ್ಯನ ದೂರ ಸುಮಾರು 14 ಕೋಟಿ ಕಿಲೋಮೀಟರ್ ಎಂದು ಬಂತು. ಗುರಿಯ ಹತ್ತಿರವೇ ಬಿದ್ದಿತ್ತು, ಆದರೆ ಅಳೆದ ಕೋನ ಎಷ್ಟು ಸಣ್ಣದೆಂದರೆ ಅದನ್ನು ಪೂರ್ತಿ ನಂಬುವಂತಿರಲಿಲ್ಲ.

1716ರಲ್ಲಿ ಎಡ್ಮಂಡ್ ಹ್ಯಾಲಿ ಒಂದು ದಾರಿ ಹೇಳಿದ. ಧೂಮಕೇತುವಿನ ಹ್ಯಾಲಿಯೇ ಈತ. ಅಪರೂಪಕ್ಕೆ ಶುಕ್ರಗ್ರಹ ಭೂಮಿಗೂ ಸೂರ್ಯನಿಗೂ ನಡುವೆ ಸರಿಯಾಗಿ ಹಾದುಹೋಗುತ್ತದೆ. ಆಗ ಸೂರ್ಯನ ಮುಖದ ಮೇಲೆ ಸಣ್ಣ ಕಪ್ಪು ಬೊಟ್ಟೊಂದು ಗಂಟೆಗಟ್ಟಲೆ ತೆವಳುತ್ತದೆ. ಇದೇ ಶುಕ್ರ ಸಂಕ್ರಮ. ಶುಕ್ರ ಹೆಬ್ಬೆರಳು, ಸೂರ್ಯ ಹಿಂದಿನ ಗೋಡೆ! ಭೂಮಿಯ ಉತ್ತರದಿಂದ ನೋಡಿದವರಿಗೆ ಬೊಟ್ಟು ಒಂದು ಗೆರೆಯಲ್ಲಿ, ದಕ್ಷಿಣದಿಂದ ನೋಡಿದವರಿಗೆ ಸ್ವಲ್ಪ ಪಕ್ಕದ ಗೆರೆಯಲ್ಲಿ ಸಾಗುತ್ತದೆ. ಗೆರೆಯ ಉದ್ದ ಬೇರೆಯಾದ್ದರಿಂದ ದಾಟಲು ಹಿಡಿಯುವ ಹೊತ್ತೂ ಬೇರೆ. ಸಣ್ಣ ಕೋನ ಅಳೆಯುವ ಕಷ್ಟ ಬೇಡ, ಒಳ್ಳೆಯ ಗಡಿಯಾರವಿದ್ದರೆ ಸಾಕು ಎಂದ ಹ್ಯಾಲಿ.

ಲೆಕ್ಕವನ್ನು ಇಲ್ಲೇ ಮಾಡಿಬಿಡೋಣ. ಅದಕ್ಕೆ ಮೊದಲು ಇನ್ನೊಂದು ಸಂಗತಿ ಬೇಕು, ಅದು ನಿಮ್ಮ ಅಜ್ಜಿಯ ಹಂಚಿನ ಮನೆಯಲ್ಲಿದೆ. ಹಂಚಿನ ಸಣ್ಣ ತೂತಿನಿಂದ ಬಿಸಿಲು ಬಿದ್ದಾಗ ನೆಲದ ಮೇಲೆ ದುಂಡನೆಯ ಬಿಲ್ಲೆ ಮೂಡುತ್ತದೆ. ತೂತು ಚೌಕವಾಗಿದ್ದರೂ ಬಿಲ್ಲೆ ದುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನ ಬಿಂಬ. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಅದರಿಂದ 107 ಸೆಂಟಿಮೀಟರ್ ದೂರದಲ್ಲಿ ಬಿಸಿಲಿಗೆ ನೇರವಾಗಿ ಹಾಳೆ ಹಿಡಿಯಿರಿ. ಬಿಂಬದ ಅಗಲ 1 ಸೆಂಟಿಮೀಟರ್ ಬರುತ್ತದೆ. ಅಂದರೆ ಸೂರ್ಯನ ದೂರ ಅದರ ಅಗಲದ ಸುಮಾರು 107 ಪಟ್ಟು. ನೋಡಬೇಕಾದದ್ದು ಹಾಳೆಯನ್ನು. ಸೂರ್ಯನನ್ನು ನೇರವಾಗಿ ಎಂದೂ ನೋಡಕೂಡದು, ತೂತಿನ ಮೂಲಕವಂತೂ ಖಂಡಿತ ಬೇಡ.

ಈಗ ಸಂಕ್ರಮದ ದಿನ. ಸುಲಭಕ್ಕಾಗಿ ಇಬ್ಬರು ವೀಕ್ಷಕರು ಭೂಮಿಯ ಎರಡು ಅಂಚಿನಲ್ಲಿ ಇದ್ದಾರೆ ಎನ್ನೋಣ. ಭೂಮಿಯ ಅಗಲ ಸುಮಾರು 12,750 ಕಿಲೋಮೀಟರ್. ಶುಕ್ರ ನಮ್ಮಿಂದ 2.8 ಪಾಲು, ಸೂರ್ಯನಿಂದ 7.2 ಪಾಲು ದೂರದಲ್ಲಿದೆ. ಆದ್ದರಿಂದ ಸೂರ್ಯನ ಮೇಲೆ ಎರಡು ಗೆರೆಗಳ ನಡುವಿನ ಅಂತರ 12,750ರ 2.57 ಪಟ್ಟು, ಅಂದಾಜು 33,000 ಕಿಲೋಮೀಟರ್. ಇಬ್ಬರೂ ತಮ್ಮ ಚಿತ್ರಗಳನ್ನು ಹೋಲಿಸಿ ನೋಡಿದಾಗ ಆ ಅಂತರ ಸೂರ್ಯನ ಅಗಲದ 42ರಲ್ಲಿ ಒಂದು ಪಾಲು ಎಂದು ಕಾಣುತ್ತದೆ. ಹಾಗಾದರೆ ಸೂರ್ಯನ ಅಗಲ 33,000 ಗುಣಿಸು 42, ಅಂದರೆ 13,86,000 ಕಿಲೋಮೀಟರ್. ಅದನ್ನು 107ರಿಂದ ಗುಣಿಸಿ. 14,83,02,000. ಸುಮಾರು 15 ಕೋಟಿ!

ಕಾಗದದ ಮೇಲೆ ಎಷ್ಟು ಸಲೀಸು ನೋಡಿ. ತೊಡಕೇನೆಂದರೆ ಸಂಕ್ರಮ ಬೇಕೆಂದಾಗ ಬರುವುದಿಲ್ಲ. ಶುಕ್ರ ಪ್ರತಿ 584 ದಿನಕ್ಕೊಮ್ಮೆ ನಮಗೂ ಸೂರ್ಯನಿಗೂ ನಡುವೆ ಬರುವುದೇನೋ ನಿಜ, ಆದರೆ ಅದರ ದಾರಿ ನಮ್ಮ ದಾರಿಗೆ ಮೂರು ಡಿಗ್ರಿಗಿಂತ ತುಸು ಹೆಚ್ಚು ಓರೆಯಾಗಿರುವುದರಿಂದ ಬಹುಪಾಲು ಸೂರ್ಯನ ಮೇಲೋ ಕೆಳಗೋ ತಪ್ಪಿಸಿಕೊಂಡು ಹೋಗುತ್ತದೆ. ಎಂಟು ವರ್ಷದ ಅಂತರದಲ್ಲಿ ಎರಡು ಸಂಕ್ರಮ, ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಏನೂ ಇಲ್ಲ. ಹ್ಯಾಲಿ ಲೆಕ್ಕ ಹಾಕಿದ್ದ ಸಂಕ್ರಮಗಳು 1761 ಮತ್ತು 1769ರವು. ಅಲ್ಲಿಯವರೆಗೆ ತಾನು ಬದುಕಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನವರಿಗೆ ವಿವರವಾಗಿ ಬರೆದಿಟ್ಟು 1742ರಲ್ಲಿ ತೀರಿಕೊಂಡ.

ಮುಂದಿನವರು ಹೊರಟರು. ಇಂಗ್ಲೆಂಡಿನ ಜೇಮ್ಸ್ ಕುಕ್ 1769ರಲ್ಲಿ ಟಹೀಟಿ ದ್ವೀಪಕ್ಕೆ ಹಡಗು ನಡೆಸಿದ್ದು ಮೊದಲಿಗೆ ಇದಕ್ಕಾಗಿಯೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವವನು ಫ್ರಾನ್ಸಿನ ಲೆ ಜೆಂಟಿಲ್. ಪುದುಚೇರಿಯಿಂದ ಸಂಕ್ರಮ ನೋಡಬೇಕೆಂದು ಆತ 1760ರಲ್ಲೇ ಹಡಗು ಹತ್ತಿದ. ಆಗ ಫ್ರೆಂಚರಿಗೂ ಇಂಗ್ಲಿಷರಿಗೂ ಯುದ್ಧ. ಮಲಬಾರ್ ಕರಾವಳಿಯ ಮಾಹೆಯ ಹತ್ತಿರ ಬರುವಷ್ಟರಲ್ಲಿ ಪುದುಚೇರಿ ಇಂಗ್ಲಿಷರ ಕೈಸೇರಿದ ಸುದ್ದಿ ಬಂತು. ಹಡಗು ಹಿಂತಿರುಗಿತು. 1761ರ ಜೂನ್ 6ರಂದು ಸಂಕ್ರಮ ನಡೆದಾಗ ಆತ ನಡುಸಮುದ್ರದಲ್ಲಿದ್ದ. ನೋಡಿದ, ಆದರೆ ತೂಗಾಡುವ ಹಡಗಿನ ಮೇಲೆ ಲೋಲಕದ ಗಡಿಯಾರ ನಡೆಯುವುದಿಲ್ಲ, ತಾನಿರುವ ಜಾಗವೂ ಖಚಿತವಿಲ್ಲ. ನೋಡಿದ್ದು ವ್ಯರ್ಥ.

ಎಂಟೇ ವರ್ಷ ತಾನೇ, ಇಲ್ಲೇ ಇದ್ದುಬಿಡೋಣ ಎಂದುಕೊಂಡ ಆ ಮನುಷ್ಯ! ದ್ವೀಪಗಳನ್ನು ಸುತ್ತಿದ, ಮನಿಲಾಕ್ಕೆ ಹೋದ, ಕೊನೆಗೆ 1768ರಲ್ಲಿ ಪುದುಚೇರಿಗೆ ಬಂದ. ಆ ವೇಳೆಗೆ ಊರು ಮತ್ತೆ ಫ್ರೆಂಚರ ಕೈಗೆ ಬಂದಿತ್ತು. ಹಾಳುಬಿದ್ದ ಕೋಟೆಯಲ್ಲಿ ವೀಕ್ಷಣಾಲಯ ಕಟ್ಟಿಕೊಂಡ. ಕಾಯುವ ಬೇಸರ ಕಳೆಯಲು ಅಲ್ಲಿನ ತಮಿಳು ಲೆಕ್ಕಿಗನೊಬ್ಬನಿಂದ ಕವಡೆಗಳನ್ನಿಟ್ಟುಕೊಂಡು ಗ್ರಹಣ ಗಣಿಸುವ ವಿಧಾನ ಕಲಿತ. ಆ ವಿಧಾನದಲ್ಲಿ 1765ರ ಒಂದು ಚಂದ್ರಗ್ರಹಣದ ಅವಧಿಯನ್ನು ತಾಳೆ ನೋಡಿದಾಗ 41 ಸೆಕೆಂಡು ಮಾತ್ರ ಕಡಿಮೆ ಬಂತಂತೆ. ಯುರೋಪಿನ ಆಗಿನ ಹೆಸರಾಂತ ಕೋಷ್ಟಕ 68 ಸೆಕೆಂಡು ಹೆಚ್ಚು ತೋರಿಸಿತ್ತು. ಇದನ್ನು ಆತ ಮುಚ್ಚಿಡದೆ ಬರೆದ. ಅದಕ್ಕೂ ನನಗೆ ಅವನ ಮೇಲೆ ಗೌರವ.

1769ರ ಜೂನ್ 4ರ ಬೆಳಗು. ಹಿಂದಿನ ತಿಂಗಳೆಲ್ಲ ಮುಂಜಾನೆ ಆಕಾಶ ತಿಳಿಯಾಗಿತ್ತು. ಅಂದು ಮಾತ್ರ ಮೋಡ ಮುಸುಕಿತು. ಸಂಕ್ರಮ ಮುಗಿದ ಮೇಲೆ ಸೂರ್ಯ ಫಳಫಳ ಹೊಳೆಯುತ್ತಾ ಹೊರಬಂದ. ಆತ ಬಿಟ್ಟುಬಂದ ಮನಿಲಾದಲ್ಲಿ ಆ ದಿನ ಒಂದು ತುಣುಕೂ ಮೋಡವಿರಲಿಲ್ಲ. 1771ರಲ್ಲಿ ಲೆ ಜೆಂಟಿಲ್ ಊರು ಮುಟ್ಟಿದಾಗ ಬಂಧುಗಳು ಅವನು ಸತ್ತನೆಂದು ಆಸ್ತಿ ಹಂಚಿಕೊಳ್ಳುವುದರಲ್ಲಿದ್ದರು. ವಿಜ್ಞಾನ ಅಕಾಡೆಮಿಯಲ್ಲಿ ಅವನ ಪೀಠವೂ ಬೇರೆಯವರ ಪಾಲಾಗಿತ್ತು. ಆ ಹುಡುಗಿ ಟೇಪು ಹಿಡಿದವರು ಯಾರು ಎಂದಳಲ್ಲ, ಹಿಡಿಯಲು ಹೋಗಿ ಹನ್ನೊಂದು ವರ್ಷ ಕಳೆದು ಬರಿಗೈಲಿ ಬಂದವನೂ ಆ ಸಾಲಿನಲ್ಲಿದ್ದಾನೆ.

ಆದರೆ ಉಳಿದವರ ಅಳತೆಗಳು ಕೂಡಿ ಸೂರ್ಯನ ದೂರ ಸುಮಾರು 15.3 ಕೋಟಿ ಕಿಲೋಮೀಟರ್ ಎಂದು ಲೆಕ್ಕ ಬಂತು. ಹ್ಯಾಲಿ ಬಯಸಿದಷ್ಟು ನಿಖರವಾಗಲಿಲ್ಲ. ಶುಕ್ರನ ಬೊಟ್ಟು ಸೂರ್ಯನ ಅಂಚನ್ನು ಬಿಡುವ ಗಳಿಗೆಯಲ್ಲಿ ಎಣ್ಣೆಯ ಹನಿಯಂತೆ ಉದ್ದಕ್ಕೆ ಜಗ್ಗಿ ಅಂಟಿಕೊಂಡೇ ಇರುವಂತೆ ಕಾಣುತ್ತದೆ. ಅಕ್ಕಪಕ್ಕ ನಿಂತು ನೋಡಿದವರ ಗಡಿಯಾರದಲ್ಲೂ ಹೊತ್ತು ಬೇರೆ ಬೇರೆಯಾಯಿತು.

ಮುಂದಿನ ಸಂಕ್ರಮ 1874ರ ಡಿಸೆಂಬರ್ 9ರದು, ಭಾರತದಲ್ಲಿ ಬೆಳಗಿನ ಹೊತ್ತು. ಮದರಾಸಿನ ವೀಕ್ಷಣಾಲಯದಲ್ಲಿ ಆಗ ಚಿಂತಾಮಣಿ ರಘುನಾಥಾಚಾರಿ ಎಂಬವರು ಮೊದಲ ಸಹಾಯಕರಾಗಿದ್ದರು. ಪಂಚಾಂಗ ಬರೆಯುವ ಮನೆತನದಿಂದ ಬಂದವರು. 1867ರಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಕಂಡುಹಿಡಿದವರು. ಸಂಕ್ರಮ ಎಂದರೇನು, ಅದರಿಂದ ಸೂರ್ಯನ ದೂರ ಹೇಗೆ ತಿಳಿಯುತ್ತದೆ ಎಂದು ನಮ್ಮ ಜನಕ್ಕೆ ಹೇಳಬೇಕೆಂದು ಅವರು ಒಂದು ಚಿಕ್ಕ ಪುಸ್ತಕ ಬರೆದರು. ಅದು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬಂತು. ಅಂದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಕನ್ನಡದಲ್ಲಿ ಅಚ್ಚಾಗಿ ಒಂದೂವರೆ ಶತಮಾನವಾಗಿದೆ. ನಾನು ಬೋರ್ಡಿನ ಮುಂದೆ ನಕ್ಕು ಕೂತದ್ದನ್ನು ನೆನೆದರೆ ಇನ್ನೂ ನಾಚಿಕೆಯಾಗುತ್ತದೆ.

ಈಗ ಸಂಕ್ರಮಕ್ಕೆ ಕಾಯುವ ಅಗತ್ಯವಿಲ್ಲ. 1961ರಲ್ಲಿ ಶುಕ್ರನತ್ತ ರೇಡಿಯೊ ತರಂಗ ಕಳಿಸಿ ಅದು ಬಡಿದು ಮರಳುವ ಸಮಯವನ್ನು ಅಳೆದರು. ಶುಕ್ರ ಅತಿ ಹತ್ತಿರವಿದ್ದಾಗ ಹೋಗಿಬರಲು ನಾಲ್ಕೂವರೆ ನಿಮಿಷಕ್ಕೆ ತುಸು ಹೆಚ್ಚು. ಬಾವಿಯಲ್ಲಿ ಕೂಗಿ ಪ್ರತಿಧ್ವನಿಗೆ ಕಿವಿಗೊಟ್ಟ ಹಾಗೆ. 2012ರಲ್ಲಿ ಜಗತ್ತಿನ ಖಗೋಳಜ್ಞರು ಸೇರಿ ಭೂಮಿ–ಸೂರ್ಯರ ಸರಾಸರಿ ದೂರಕ್ಕೆ ನಿಲ್ಲುವ ಮಾನವನ್ನು 14,95,97,870 ಕಿಲೋಮೀಟರ್ 700 ಮೀಟರ್ ಎಂದು ಗೊತ್ತುಮಾಡಿದರು. ಅದೇ ವರ್ಷ ಜೂನ್ 6ರಂದು ಈ ಶತಮಾನದ ಎರಡನೆಯ ಸಂಕ್ರಮವೂ ಆಗಿಹೋಯಿತು. ಮುಂದಿನದು 2117ರ ಡಿಸೆಂಬರ್ 11ರ ಬೆಳಿಗ್ಗೆ.

ಇನ್ನು ಮಾತು ಸಾಕು, ಮೈದಾನಕ್ಕೆ ಹೋಗೋಣ. ಪುಸ್ತಕದ ಚಿತ್ರದಲ್ಲಿ ಗ್ರಹಗಳು ಸಂತೆಯ ಬುಟ್ಟಿಗಳ ಹಾಗೆ ಒತ್ತಿಕೊಂಡು ಕೂತಿವೆ. ಅದು ಸುಳ್ಳು ಚಿತ್ರ, ಹಾಳೆ ಚಿಕ್ಕದಾದ್ದರಿಂದ ಹಾಗೆ ಬರೆಯದೆ ವಿಧಿಯಿಲ್ಲ. ನಾವು ಸಾವಿರ ಕೋಟಿ ಪಟ್ಟು ಕುಗ್ಗಿಸಿ ಸರಿಯಾಗಿ ಮಾಡೋಣ. ಸೂರ್ಯನಿಗೆಂದು ನಾನು ದೇವನಹಳ್ಳಿಯ ಚಕ್ಕೋತ ತಂದಿದ್ದೇನೆ, 14 ಸೆಂಟಿಮೀಟರ್ ಅಗಲ. ಭೂಮಿಗೂ ಶುಕ್ರನಿಗೂ ಒಂದೊಂದು ಸಾಸಿವೆ ಕಾಳು. ಮಂಗಳ ಗಸಗಸೆ, ಬುಧ ಅದಕ್ಕಿಂತಲೂ ಚಿಕ್ಕದು. ಗುರು ಒಂದು ಗೋಲಿ, ಶನಿ ಕೊಂಚ ಸಣ್ಣ ಗೋಲಿ. ಯುರೇನಸ್, ನೆಪ್ಚೂನ್ ಎರಡು ಮೆಣಸಿನ ಕಾಳು. ಬುಧನನ್ನು ಚಕ್ಕೋತದಿಂದ 6 ಮೀಟರಿಗೆ ಇಡಬೇಕು, ಶುಕ್ರನನ್ನು 11ಕ್ಕೆ, ಭೂಮಿಯನ್ನು 15ಕ್ಕೆ, ನಿಮ್ಮ ಕಬಡ್ಡಿ ಅಂಕಣದ ಉದ್ದಕ್ಕಿಂತ ಕೊಂಚ ಆಚೆ. ಮಂಗಳ 23, ಗುರು 78. ಶನಿಗೆ 143 ಮೀಟರ್ ಬೇಕು, ಅದು ಕಾಂಪೌಂಡಿನ ಹೊರಗೇ. ನೆಪ್ಚೂನ್ ಹಿಡಿದವರು 450 ಮೀಟರ್ ನಡೆಯಬೇಕು. ಅಲ್ಲಿಂದ ಚಕ್ಕೋತ ಕಾಣುತ್ತದೆಯೇ ಎಂದು ಬಂದು ಹೇಳಿ. ಅತಿ ಹತ್ತಿರದ ಬೇರೆ ನಕ್ಷತ್ರ ಒಂದು ನೆಲ್ಲಿಕಾಯಿ, ಅದನ್ನಿಡಬೇಕಾದದ್ದು ಸುಮಾರು 4,000 ಕಿಲೋಮೀಟರ್ ಆಚೆ. ಕನ್ಯಾಕುಮಾರಿಯಿಂದ ಕಾಶ್ಮೀರದ ಕೊನೆಯವರೆಗೆ ಹೋದರೂ ಸಾಲದು.

ಈ ಮೈದಾನದಲ್ಲಿ ಬೆಳಕು ಸೆಕೆಂಡಿಗೆ 3 ಸೆಂಟಿಮೀಟರ್ ಓಡುತ್ತದೆ, ಅವಸರದ ಇರುವೆಯ ಹಾಗೆ. ಚಕ್ಕೋತದಿಂದ ಹೊರಟ ಇರುವೆ ನಮ್ಮ ಸಾಸಿವೆ ಮುಟ್ಟಲು 8 ನಿಮಿಷ 20 ಸೆಕೆಂಡು. ಚಂದ್ರ ಸಾಸಿವೆಯಿಂದ ನಾಲ್ಕು ಸೆಂಟಿಮೀಟರಿಗೂ ಕಡಿಮೆ ದೂರದಲ್ಲಿರುವ ಧೂಳಿನ ಕಣ. ಮನುಷ್ಯ ಹೋಗಿಬಂದದ್ದು ಅಷ್ಟೇ. 2023ರ ಸೆಪ್ಟೆಂಬರಿನಲ್ಲಿ ಇಸ್ರೊ ಹಾರಿಸಿದ ಆದಿತ್ಯ-ಎಲ್1 ಸೂರ್ಯನಿಗೇ ಹೋಯಿತೆಂದು ಹಲವರು ತಿಳಿದಿದ್ದಾರೆ. ಅದು ನಿಂತಿರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ನಮ್ಮ ಸಾಸಿವೆಯಿಂದ ಚಕ್ಕೋತದ ಕಡೆಗೆ 15 ಸೆಂಟಿಮೀಟರ್, ನಿಮ್ಮ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯಷ್ಟು.

ಯಾರಾದರೂ ಇಬ್ಬರು ಬಿಸಿಯೂಟದ ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಸಾಸಿವೆ, ನಾಲ್ಕು ಮೆಣಸಿನ ಕಾಳು ಕೇಳಿಕೊಂಡು ಬನ್ನಿ. ಗೋಲಿ ನಿಮ್ಮ ಜೇಬಿನಲ್ಲೇ ಇರುತ್ತದೆಂದು ನನಗೆ ಗೊತ್ತು. ಟೇಪು ಪಿ.ಟಿ. ಮೇಷ್ಟ್ರ ಹತ್ತಿರ ಇದೆಯಂತೆ.